ಪರವೂರಿನ ಮೊದಲ ಬೇಸಿಗೆ: ಎಲ್ಲಿ ಉಣ್ಣಬೇಕು, ಏನು ಕುಡಿಯಬೇಕು?

ಏಪ್ರಿಲ್ ಮತ್ತು ಮೇ ತಿಂಗಳುಗಳು ವರ್ಗಾವಣೆಯ ಕಾಲ. ಬ್ಯಾಂಕು, ರೈಲ್ವೆ, ಜೀವವಿಮೆ ಮತ್ತು ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ದುಡಿಯುವ ಕನ್ನಡಿಗರು ಅನೇಕರು ಈ ಅವಧಿಯಲ್ಲಿಯೇ ಆದೇಶಪತ್ರವನ್ನು ಹಿಡಿದು ಮುಂಬಯಿಗೆ ಬಂದಿಳಿಯುತ್ತಾರೆ. ಮಕ್ಕಳ ಶಾಲೆಯ ಪ್ರವೇಶ, ಬಾಡಿಗೆಯ ಮನೆ, ಅದಕ್ಕೆ ಕೊಡಬೇಕಾದ ಮುಂಗಡ ಹಣ ಇವೆಲ್ಲ ಇತ್ಯರ್ಥವಾಗುವವರೆಗೆ ಸಂಸಾರವು ಊರಿನಲ್ಲಿಯೇ ಉಳಿಯುತ್ತದೆ. ಪರಿಣಾಮವಾಗಿ, ಸೆಕೆ ವಿಪರೀತವಾಗಿರುವ ಎರಡು ತಿಂಗಳುಗಳನ್ನು ಹೊಸಬರು ಒಂಟಿಯಾಗಿ, ಅಡುಗೆಮನೆಯಿಲ್ಲದ ಕೋಣೆಯಲ್ಲಿ ಕಳೆಯಬೇಕಾಗುತ್ತದೆ. ಆ ದಿನಗಳಲ್ಲಿ ಅವರ ಆರೋಗ್ಯವು ಸಂಪೂರ್ಣವಾಗಿ ಹೊರಗಿನ ಅನ್ನವನ್ನೇ ಅವಲಂಬಿಸಿರುತ್ತದೆ.

ಇಂತಹ ಸಂದರ್ಭದಲ್ಲಿ ಹೊಸಬರು ಸಾಮಾನ್ಯವಾಗಿ ಎರಡು ಮಾರ್ಗಗಳಲ್ಲೊಂದನ್ನು ಹಿಡಿಯುತ್ತಾರೆ. ಮೊದಲನೆಯದು ಉಡುಪಿ ಹೋಟೆಲಿನ ಮಾರ್ಗ. 1942ರಲ್ಲಿ ಎ. ರಾಮ ನಾಯಕರು ಮಾಟುಂಗಾದಲ್ಲಿ ಸ್ಥಾಪಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಂತಹ ಸಂಸ್ಥೆಗಳು ಪರಸ್ಥಳದಲ್ಲಿ ಕನ್ನಡಿಗರಿಗೆ ತವರಿನ ಅನ್ನವನ್ನು ಒದಗಿಸಿದ ಉಪಕಾರವನ್ನು ಯಾರೂ ಮರೆಯಲಾರರು. ಆದರೆ ಮೂರು ಹೊತ್ತೂ, ವರ್ಷವಿಡೀ, ಅದರ ಹೊರತು ಬೇರೊಂದು ಬಾಗಿಲನ್ನು ತಟ್ಟುವುದಿಲ್ಲವೆಂಬ ಹಟ ಸಮಂಜಸವಲ್ಲ. ಎರಡನೆಯದು ಇತ್ತೀಚಿನ ಮಾರ್ಗ. ಮೊಬೈಲಿನಲ್ಲಿ ಬೆರಳಾಡಿಸಿದರೆ ಸಾಕು, ಊಟದ ಪೊಟ್ಟಣ ಬಾಗಿಲಿಗೆ ಬರುತ್ತದೆ. ಅದು ಯಾವ ಅಡುಗೆಮನೆಯಲ್ಲಿ ಬೆಂದಿತು, ಬೆಂದು ಎಷ್ಟು ಹೊತ್ತಾಯಿತು ಎಂಬುದನ್ನು ಉಣ್ಣುವವರು ಕಾಣುವಂತಿಲ್ಲ. ಈ ಎರಡಕ್ಕಿಂತ ಹಿತಕರವಾದ ಮೂರನೆಯ ಮಾರ್ಗವೆಂದರೆ, ವಾಸದ ಸುತ್ತಮುತ್ತಲಿನ ಬೀದಿಗಳಲ್ಲಿ ಕಾಲ್ನಡಿಗೆಯಿಂದ ತಿರುಗಿ, ಸ್ಥಳೀಯರು ಉಣ್ಣುವ ತಾಣಗಳನ್ನು ತಾವೇ ಕಂಡುಕೊಳ್ಳುವುದು.

ಇದಕ್ಕೆ ಮೊದಲ ಕಾರಣ ಹವಾಮಾನ. ಕಲಬುರಗಿ, ರಾಯಚೂರುಗಳಲ್ಲಿ 40 ಡಿಗ್ರಿ ಸೆಲ್ಸಿಯಸ್ಸನ್ನು ಮೀರಿದ ಬಿಸಿಲನ್ನು ಕಂಡವರಿಗೆ ಮೇ ತಿಂಗಳಲ್ಲಿ ಸುಮಾರು 33-34 ಡಿಗ್ರಿಯ ಆಸುಪಾಸಿನಲ್ಲಿರುವ ಮುಂಬಯಿಯ ಉಷ್ಣತೆ ಲೆಕ್ಕಕ್ಕೆ ಬಾರದೆನಿಸಬಹುದು. ಆದರೆ ಕಡಲತೀರದ ಗಾಳಿಯಲ್ಲಿ ತೇವಾಂಶ ಅಧಿಕ. ಒಣಗಾಳಿಯಲ್ಲಿ ಬೆವರು ಬೇಗನೆ ಆರಿ ದೇಹವನ್ನು ತಂಪುಗೊಳಿಸುತ್ತದೆ. ಇಲ್ಲಿ ಬೆವರು ಆರದೆ ಹರಿಯುತ್ತಲೇ ಇರುತ್ತದೆ, ದೇಹ ತಂಪಾಗುವುದಿಲ್ಲ. ನೀರೂ ಉಪ್ಪೂ ನಷ್ಟವಾಗುತ್ತವೆ. ಕಿಕ್ಕಿರಿದ ಲೋಕಲ್ ರೈಲಿನಲ್ಲಿ ನಿಂತು ಪ್ರಯಾಣ ಮಾಡುವವರಿಗೆ ಈ ಖರ್ಚು ಇನ್ನೂ ಹೆಚ್ಚು. ಖರ್ಚಿಗೆ ತಕ್ಕ ಜಮೆ ಇಲ್ಲದಿದ್ದರೆ ತಲೆನೋವು, ಸ್ನಾಯುಸೆಳೆತ, ಸುಸ್ತು ಅನಿವಾರ್ಯ.

ಕೊಂಕಣ ತೀರದ ಜನರು ಈ ಜಮೆಯ ವ್ಯವಸ್ಥೆಯನ್ನು ಎಂದೋ ಮಾಡಿಕೊಂಡಿದ್ದಾರೆ. ದಾದರ್, ಗಿರಗಾಂವ್, ಠಾಣೆಗಳ ಮರಾಠಿ ಉಪಾಹಾರಗೃಹಗಳಲ್ಲಿ ಬೇಸಿಗೆಯಲ್ಲಿ ದೊರೆಯುವ ಕೋಕಂ ಶರಬತ್ತು, ಬೇಯಿಸಿದ ಮಾವಿನಕಾಯಿಯ ಪನ್ಹೆ, ಮಸಾಲೆಯ ತಾಕ್, ತೆಂಗಿನಹಾಲಿನ ಸೋಲ್‌ಕಢಿ ಇವೇ ಆ ವ್ಯವಸ್ಥೆ. ಇವು ಕನ್ನಡಿಗರಿಗೆ ಪರಕೀಯವೂ ಅಲ್ಲ. ಕೋಕಂ ಎಂಬುದು ಉತ್ತರ ಕನ್ನಡದ ಮುರುಗಲು, ದಕ್ಷಿಣ ಕನ್ನಡದ ಪುನರ್ಪುಳಿ. ಪನ್ಹೆ ಎಂಬ ಶಬ್ದವು ಪಾನಕದ ಸೋದರ. ತಾಕ್ ಎಂದರೆ ಮಜ್ಜಿಗೆ. ಝುಣಕಾ-ಭಾಕರಿಯನ್ನು ಧಾರವಾಡ, ಬೆಳಗಾವಿಗಳವರು ಜುಣಕ-ರೊಟ್ಟಿಯೆಂದೂ, ಥಾಲಿಪೀಠವನ್ನು ತಾಲಿಪಟ್ಟು ಎಂದೂ ಬಾಲ್ಯದಿಂದಲೇ ಬಲ್ಲರು. ಹೆಸರಿನ ಭಾಷೆ ಬದಲಾಯಿತೆಂದು ನೆಂಟರನ್ನು ಬಾಗಿಲಲ್ಲೇ ನಿಲ್ಲಿಸುವುದು ಸರಿಯೆ?

ಖಾನಾವಳಿಯ ಮಾತನ್ನು ಇಲ್ಲಿ ಹೇಳಲೇಬೇಕು. ಹುಬ್ಬಳ್ಳಿಯವರಿಗೂ ಪರಿಚಿತವಾದ ಈ ಶಬ್ದಕ್ಕೆ ಮುಂಬಯಿಯಲ್ಲಿ ದೊಡ್ಡ ಇತಿಹಾಸವಿದೆ. ಹಳ್ಳಿಯಲ್ಲಿ ಸಂಸಾರವನ್ನು ಬಿಟ್ಟು ಬಂದ ಬಟ್ಟೆಗಿರಣಿಯ ಕಾರ್ಮಿಕರಿಗೆ ಗಿರಣಗಾಂವಿನ ಮಹಿಳೆಯರು ತಮ್ಮ ಸಣ್ಣ ಮನೆಗಳಲ್ಲಿಯೇ ಅಡುಗೆ ಮಾಡಿ ಬಡಿಸುತ್ತಿದ್ದರು. ದಿನಸಿಗಾಗಿ ಬಡ್ಡಿ ವ್ಯಾಪಾರಿಗಳ ಸಾಲದಲ್ಲಿ ಸಿಲುಕಿದ್ದ ಅವರನ್ನು ಒಗ್ಗೂಡಿಸಿ, ಪ್ರೇಮಾ ಪುರವ್ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳವನ್ನು ಸ್ಥಾಪಿಸಿ, ರಾಷ್ಟ್ರೀಕೃತ ಬ್ಯಾಂಕಿನಿಂದ ಸಣ್ಣ ಸಾಲಗಳನ್ನು ಕೊಡಿಸಿದರು. 1982ರ ಮುಷ್ಕರದ ತರುವಾಯ ಗಿರಣಿಗಳು ಒಂದೊಂದಾಗಿ ಕಣ್ಮರೆಯಾದವು. ಆದರೆ ಒಂಟಿಯಾಗಿ ದುಡಿಯಲು ಬಂದವರಿಗೆ ಮನೆಯೂಟ ಬೇಕೆಂಬ ಅಗತ್ಯ ಕಣ್ಮರೆಯಾಗಿಲ್ಲ. ಮಹಿಳೆಯರು ನಡೆಸುವ ಪೋಳಿ-ಭಾಜಿ ಕೇಂದ್ರಗಳು ಇಂದಿಗೂ ಬಡಾವಣೆಗಳಲ್ಲಿ ಆ ಕೆಲಸವನ್ನು ಮುಂದುವರಿಸುತ್ತಿವೆ. ಅಲ್ಲಿ ಕೊಡುವ ಹಣ ನೇರವಾಗಿ ಒಂದು ಮನೆಯ ಒಲೆಗೆ ಸೇರುತ್ತದೆ.

ಹಾಗೆಂದು ಕಂಡಕಂಡಲ್ಲಿ ಉಣ್ಣಬೇಕೆಂದು ಅರ್ಥವಲ್ಲ. ಆಯ್ಕೆಗೆ ವಾಣಿಜ್ಯಶಾಸ್ತ್ರದ ಸರಳ ಸೂತ್ರವೊಂದು ನೆರವಾಗುತ್ತದೆ: ದಾಸ್ತಾನು ಎಷ್ಟು ಬೇಗ ಖಾಲಿಯಾಗುತ್ತದೆ ಎಂಬುದನ್ನು ನೋಡಬೇಕು. ಬೇಯಿಸಿದ ಪದಾರ್ಥವು 5ರಿಂದ 60 ಡಿಗ್ರಿ ಸೆಲ್ಸಿಯಸ್ಸಿನ ನಡುವೆ ಉಳಿದಷ್ಟೂ ಹೊತ್ತು ಅದರಲ್ಲಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ; ಬೇಸಿಗೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಹೊರಗಿಟ್ಟದ್ದನ್ನು ಮುಟ್ಟದಿರುವುದೇ ಲೇಸು. 1966ರ ಸುಮಾರಿಗೆ ದಾದರ್ ನಿಲ್ದಾಣದ ಹೊರಗೆ ಹುಟ್ಟಿತೆನ್ನಲಾಗುವ ವಡಾಪಾವನ್ನೇ ತೆಗೆದುಕೊಳ್ಳಬಹುದು. ಗಿರಾಕಿಗಳ ಸಾಲು ಇರುವೆಡೆ, ಬಾಣಲೆಯಿಂದ ಆಗತಾನೆ ಎತ್ತಿದ ವಡೆ ಬಹುಮಟ್ಟಿಗೆ ನಿರಪಾಯಕರ. ಬೆಳಗಿನಿಂದ ತಟ್ಟೆಯಲ್ಲಿ ಕುಳಿತ ಹಸಿ ಚಟ್ನಿಗೆ ಆ ಮಾತು ಅನ್ವಯಿಸದು. ತಾಜಾ ಸೋಲ್‌ಕಢಿ ಅಮೃತಸಮಾನ. ತೆಂಗಿನಹಾಲು ಸೆಕೆಯಲ್ಲಿ ಬೇಗ ಕೆಡುವುದರಿಂದ ಹಳಸಿದ್ದು ವಿಷಸಮಾನ.

ಅಂಗಡಿಯ ಗೋಡೆಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಸಂಖ್ಯೆ ಇದೆಯೇ ಎಂದು ನೋಡುವುದು, ಎಣ್ಣೆ ಕಪ್ಪಾಗಿದೆಯೇ, ತಿಂಡಿಯನ್ನು ಅಚ್ಚಿನ ಮಸಿಯಿರುವ ವೃತ್ತಪತ್ರಿಕೆಯಲ್ಲಿ ಕಟ್ಟುತ್ತಾರೆಯೇ ಎಂದು ಗಮನಿಸುವುದು ಕಷ್ಟವಲ್ಲ. ಆಹಾರಕ್ಕೆ ಯೋಗ್ಯವಲ್ಲದ ಮಂಜುಗಡ್ಡೆಗೆ ನೀಲಿ ಬಣ್ಣ ಬೆರೆಸಬೇಕೆಂಬ ನಿಯಮ 2018ರಲ್ಲಿ ಬಂದಿದೆಯಾದರೂ, ಬೆಳ್ಳಗಿರುವುದೆಲ್ಲ ಶುದ್ಧವೆಂದು ನಂಬಲಾಗದು. ಆದ್ದರಿಂದ ಶರಬತ್ತನ್ನು ಮಂಜುಗಡ್ಡೆಯಿಲ್ಲದೆ ಕೇಳಿ ಪಡೆಯುವುದು ಜಾಣತನ. ರಕ್ತದೊತ್ತಡವುಳ್ಳವರು ದಿನಕ್ಕೆ 5 ಗ್ರಾಂ ಉಪ್ಪಿನ ಮಿತಿಯನ್ನೂ, ಮಧುಮೇಹಿಗಳು ಪನ್ಹೆಯ ಬೆಲ್ಲವನ್ನೂ ಶ್ರೀಖಂಡದ ಸಕ್ಕರೆಯನ್ನೂ ಮರೆಯಬಾರದು. ಭೇದಿಯಾದರೆ ಒಂದು ಲೀಟರ್ ಶುದ್ಧ ನೀರಿಗೆ ಸಮತಟ್ಟಾದ ಆರು ಚಹಾ ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು ಬೆರೆಸಿ ಕುಡಿಯುತ್ತಿರಬೇಕು. ಬಿಸಿಲಿನಲ್ಲಿ ಮೈ ಕಾದು ಮಾತು ತಡವರಿಸಿದರೆ ಅದು ಮನೆಮದ್ದಿನ ಹೊತ್ತಲ್ಲ. ತತ್‌ಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ಪರಿಚಯವಿಲ್ಲದ ಊಟದ ಗೊಡವೆಯೇ ಬೇಡ, ಉಡುಪಿ ಹೋಟೆಲೇ ಸುರಕ್ಷಿತವೆನ್ನುವವರು ಒಂದು ಸಂಗತಿಯನ್ನು ಆಲೋಚಿಸಬೇಕು. ಆ ಹೋಟೆಲುಗಳು ಬೆಳೆದದ್ದು ಕೇವಲ ಕನ್ನಡಿಗರ ಗಿರಾಕಿಯಿಂದಲ್ಲ. ಮರಾಠಿಗರು, ಗುಜರಾತಿಗಳು, ಪಾರಸಿಗಳು ಸಂಶಯಪಡದೆ ಒಳಗೆ ಬಂದು, ಹಿಂದೆಂದೂ ತಿನ್ನದ ಇಡ್ಲಿ-ದೋಸೆಗಳನ್ನು ತಮ್ಮದಾಗಿಸಿಕೊಂಡರು. ಇವರ ಎಲೆಯಲ್ಲಿ ಅವರು ಉಂಡಿರುವಾಗ, ಅವರ ತಟ್ಟೆಯಲ್ಲಿ ಇವರು ಉಣ್ಣಲೊಲ್ಲೆವೆಂದರೆ ಅದು ಬಾಕಿ ಉಳಿದ ಋಣವಲ್ಲದೆ ಮತ್ತೇನು?

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲವೆಂಬ ಗಾದೆಯ ಎರಡು ಭಾಗಗಳೂ ಖಾನಾವಳಿಯ ಬೆಂಚಿನ ಮೇಲೆ ಒಂದಾಗುತ್ತವೆ. ಇನ್ನೊಂದು ಭಾಕರಿ ಕೇಳಲಾದರೂ ನಾಲ್ಕು ಮರಾಠಿ ಮಾತು ಕಲಿಯಬೇಕಾಗುತ್ತದೆ. ಎದುರು ಕುಳಿತವರು ಬಾಡಿಗೆ ಮನೆಯ ಸುಳಿವನ್ನೋ ನಂಬಿಗಸ್ತ ವೈದ್ಯರ ವಿಳಾಸವನ್ನೋ ಹೇಳುತ್ತಾರೆ. ಕನ್ನಡ ಸಂಘಗಳೂ ಈ ದಿಸೆಯಲ್ಲಿ ಒಂದು ಹೆಜ್ಜೆ ಇಡಬಹುದು. ಪ್ರತಿಯೊಂದು ಉಪನಗರದಲ್ಲಿ ಸದಸ್ಯರು ಸ್ವತಃ ಉಂಡು ನೋಡಿದ ಹತ್ತು ತಾಣಗಳ ಪಟ್ಟಿಯನ್ನು ಸಿದ್ಧಪಡಿಸಿ ಏಪ್ರಿಲ್ ತಿಂಗಳಲ್ಲಿಯೇ ಹೊಸಬರ ಕೈಗೆ ಕೊಡಬಹುದು. ಹಳಬರು ಒಂದು ಭಾನುವಾರ ಅವರನ್ನು ಜೊತೆಗೆ ಕರೆದುಕೊಂಡು ಹೋಗಬಹುದು. ಇದಕ್ಕೆ ನಿಧಿಯೂ ಬೇಡ, ಠರಾವೂ ಬೇಡ. ಜೂನ್ ತಿಂಗಳಲ್ಲಿ ಸಂಸಾರ ಬಂದಿಳಿದಾಗ, ಯಜಮಾನರು ಹಾಸಿಗೆ ಹಿಡಿದಿರದೆ, ಮಡದಿ ಮಕ್ಕಳನ್ನು ಪರಿಚಿತವಾದ ಊರೊಂದಕ್ಕೆ ಸ್ವಾಗತಿಸುವಂತಾದರೆ ಅಷ್ಟೇ ಸಾಕು.