ಮೇಲೇಳುವ ವಿದ್ಯೆ

ಆಟಿಕೆ ಜಲಾಂತರ್ಗಾಮಿಗೆ ಮುಳುಗುವುದು ದೊಡ್ಡ ಮಾತಲ್ಲ. ಚಮಚವೂ ಮುಳುಗುತ್ತದೆ. ಮುಳುಗಿದ್ದು ಯಾರ ಕೈಯೂ ಸೋಕದೆ ಮೇಲೆ ಬರಬೇಕು, ಕಷ್ಟವಿರುವುದು ಅಲ್ಲಿ. ಹತ್ತು ವರ್ಷಗಳಿಂದ ಇವನ್ನು ಕೂಡಿಡುತ್ತ ಬಂದಿದ್ದೇನೆ. ಪ್ರತಿ ಆಟಿಕೆಯಲ್ಲೂ ನಾನು ಮೊದಲು ಹುಡುಕುವುದು, ಇದನ್ನು ಮಾಡಿದಾತ ಈ ಒಂದು ತೊಡಕನ್ನು ಹೇಗೆ ಬಿಡಿಸಿಕೊಂಡ ಎಂಬುದನ್ನು.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಎಲ್ಲಕ್ಕಿಂತ ಅಗ್ಗದ್ದು. 1950ರ ದಶಕದ ನಡುವೆ ಅಮೆರಿಕದ ಕೆಲಾಗ್ಸ್ ಕಂಪನಿ ತನ್ನ ತಿಂಡಿಯ ಡಬ್ಬಿಗಳ ಜೊತೆಗೆ ಪ್ರಚಾರಕ್ಕೆಂದು ಹಂಚಿದ ಪುಟ್ಟ ಪ್ಲಾಸ್ಟಿಕ್ ಜಲಾಂತರ್ಗಾಮಿ ಅದು. ಸ್ಪ್ರಿಂಗ್ ಇಲ್ಲ, ಬ್ಯಾಟರಿ ಇಲ್ಲ. ಹೊಟ್ಟೆಯ ಕೆಳಗಿನ ಗೂಡಿಗೆ ಚಿಟಿಕೆ ಬೇಕಿಂಗ್ ಪೌಡರ್ ತುಂಬಿ ನೀರಿಗೆ ಬಿಟ್ಟರೆ ತಳ ಸೇರುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ಏಳುತ್ತದೆ, ಮತ್ತೆ ಮುಳುಗುತ್ತದೆ. ಈಗಲೂ ಅದೇ ಮಾದರಿಯವು ಸಿಗುತ್ತವೆ. ನಾನು ಮೊದಲ ಸಲ ಬಕೆಟ್ಟಿಗೆ ಬಿಟ್ಟಾಗ ಮನೆಯಲ್ಲಿದ್ದ ಅಡುಗೆ ಸೋಡಾ ತುಂಬಿದ್ದೆ. ತಳಕ್ಕಿಳಿದದ್ದು ಅಲ್ಲೇ ಉಳಿಯಿತು. ಸೋಡಾ ಬರಿಯ ನೀರಿನಲ್ಲಿ ಸುಮ್ಮನೆ ಕರಗುತ್ತದೆ. ಗುಳ್ಳೆ ಏಳಬೇಕಾದರೆ ಹುಳಿ ಬೇಕು. ದೋಸೆ ಹಿಟ್ಟಿಗೆ ಹಾಕಿದ ಸೋಡಾ ಕೆಲಸ ಮಾಡುವುದು ಹಿಟ್ಟು ಹುಳಿ ಬಂದಿರುವುದರಿಂದ. ಬೇಕಿಂಗ್ ಪೌಡರಿನಲ್ಲಿ ಹುಳಿಯೂ ಒಣಪುಡಿಯಾಗಿ ಸೋಡಾದ ಪಕ್ಕದಲ್ಲೇ ಕಾಯುತ್ತಿರುತ್ತದೆ. ನೀರು ತಾಗಿದೊಡನೆ ಇಂಗಾಲದ ಡೈಆಕ್ಸೈಡ್ ಹುಟ್ಟಿ, ಗುಳ್ಳೆಗಳು ಹೊಟ್ಟೆಯ ಕೆಳಗೆ ಕೂಡಿಕೊಂಡು ಆಟಿಕೆಯನ್ನು ಎತ್ತುತ್ತವೆ. ಮೇಲೆ ಬಂದಾಗ ಅದು ಹೊರಳುತ್ತದೆ, ಗುಳ್ಳೆ ಜಾರಿಹೋಗುತ್ತದೆ, ಭಾರ ಮರಳುತ್ತದೆ. ಆರ್ಕಿಮಿಡೀಸನ ತತ್ತ್ವವನ್ನು ಇಷ್ಟು ಕಡಿಮೆ ಖರ್ಚಿನಲ್ಲಿ ಯಾವ ಶಾಲೆಯೂ ಕಲಿಸಿರಲಾರದು.

ಇಂಗ್ಲೆಂಡಿನ ಲೀಡ್ಸ್ ಬಳಿಯ ಹಾರ್ಸ್‌ಫರ್ತ್‌ನಲ್ಲಿದ್ದ ಸಟ್ಕ್ಲಿಫ್ ಕಂಪನಿಯ ದಾರಿ ಬೇರೆ. ಅವರ ತಗಡಿನ ಜಲಾಂತರ್ಗಾಮಿ ನೀರಿಗಿಂತ ತುಸು ಹಗುರ. ಕೀಲಿ ಕೊಟ್ಟು ಬಿಟ್ಟರೆ ಓಟದ ರಭಸಕ್ಕೆ ಬಾಗಿದ ರೆಕ್ಕೆಗಳು ಅದನ್ನು ಕೆಳಕ್ಕೆ ಒತ್ತುತ್ತವೆ. ಸ್ಪ್ರಿಂಗ್ ಬಿಚ್ಚಿ ಮುಗಿದಾಗ ತಾನೇ ತೇಲಿ ಬರುತ್ತದೆ. 1954ರಲ್ಲಿ ಡಿಸ್ನಿಯವರು ಜೂಲ್ಸ್ ವೆರ್ನ್‌ನ ಸಮುದ್ರದಾಳದ ಕಾದಂಬರಿಯನ್ನು ಸಿನಿಮಾ ಮಾಡಿದ ಮೇಲೆ ಇದೇ ಕಂಪನಿ ಅದರ ‘ನಾಟಿಲಸ್’ ಅನ್ನೂ ತಗಡಿನಲ್ಲಿ ಮಾಡಿತು. ಆ ನಾಟಿಲಸ್‌ನ ಕ್ಯಾಪ್ಟನ್ ನೆಮೊ ಯಾರೆಂದು ವೆರ್ನ್ ತನ್ನ ಇನ್ನೊಂದು ಕಾದಂಬರಿ ‘ನಿಗೂಢ ದ್ವೀಪ’ದಲ್ಲಿ ಹೇಳುತ್ತಾನೆ: ಬುಂದೇಲಖಂಡದ ರಾಜಕುಮಾರ ಡಕ್ಕಾರ್, ಟಿಪ್ಪು ಸುಲ್ತಾನನ ಸೋದರಳಿಯ. ಕಲ್ಪನೆಯೇ ಇರಲಿ, ಶ್ರೀರಂಗಪಟ್ಟಣದ ನೆಂಟನೊಬ್ಬ ಈ ತಗಡಿನೊಳಗೆ ಕೂತಿದ್ದಾನೆಂದು ತಿಳಿದ ದಿನ ನಾನು ಅದನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದೆ.

ರಿಮೋಟ್ ಬಂದ ಮೇಲೆ ತೊಡಕು ಹೊಸ ರೂಪ ಪಡೆಯಿತು. ನಿಕೋಲಾ ಟೆಸ್ಲಾ 1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ತಂತಿಯಿಲ್ಲದೆ ದೋಣಿ ನಡೆಸಿ ತೋರಿಸಿದ. ಅದು ನೀರ ಮೇಲಿತ್ತು. ನೀರೊಳಗೆ ರೇಡಿಯೊ ಅಲೆ ಬೇಗ ಸೊರಗುತ್ತದೆ. ಕಂಪನಾಂಕ ಹೆಚ್ಚಿದಷ್ಟೂ ಇನ್ನೂ ಬೇಗ, ಉಪ್ಪುನೀರಿನಲ್ಲಂತೂ ತೀರಾ ಬೇಗ. ಆದ್ದರಿಂದ ಕಾರು, ವಿಮಾನಗಳ ಹವ್ಯಾಸಿಗಳೆಲ್ಲ 2.4 ಗಿಗಾಹರ್ಟ್ಸ್‌ಗೆ ಹೋದರೂ ಜಲಾಂತರ್ಗಾಮಿಯವರು ಅವರು ಬಿಸಾಡಿದ 27, 40, 75 ಮೆಗಾಹರ್ಟ್ಸ್‌ನ ಹಳೆಯ ರಿಮೋಟುಗಳನ್ನು ಹುಡುಕಿ ತರುತ್ತಾರೆ. ಸಂಗ್ರಹಕಾರನಿಗೆ ದೋಣಿಯಷ್ಟೇ ರಿಮೋಟೂ ಅಮೂಲ್ಯ. ನಿಜವಾದ ನೌಕಾಪಡೆಗೂ ಇದೇ ಗೋಡೆ. ತಿರುನೆಲ್ವೇಲಿ ಬಳಿಯ ಐಎನ್‌ಎಸ್ ಕಟ್ಟಬೊಮ್ಮನ್ ಕೇಂದ್ರ ಎತ್ತರದ ಗೋಪುರಗಳಿಂದ ತೀರಾ ಕಡಿಮೆ ಕಂಪನಾಂಕದ ಅಲೆಗಳನ್ನು ಕಳಿಸುವುದು, ಅವು ಕಡಲೊಳಗೆ ಹತ್ತಿಪ್ಪತ್ತು ಮೀಟರಾದರೂ ಇಳಿಯಲಿ ಎಂದು. ಒಳ್ಳೆಯ ಮಾದರಿಗಳಲ್ಲಿ ಇದಕ್ಕೊಂದು ಏರ್ಪಾಡಿರುತ್ತದೆ: ಸಂಕೇತ ಕಡಿದುಹೋದರೆ ಯಾರ ಅಪ್ಪಣೆಗೂ ಕಾಯದೆ, ಮುಳುಗಲೆಂದು ತೊಟ್ಟಿಗೆ ತುಂಬಿಕೊಂಡ ನೀರು ಹೊರಹೋಗಿ ದೋಣಿ ಮೇಲೇಳುತ್ತದೆ. ಕರೆ ಕೇಳಿಸದಿದ್ದರೆ ಮನೆಗೆ ಬಾ ಎಂದು ಮೊದಲೇ ಹೇಳಿ ಕಳಿಸಿದ ಹಾಗೆ.

ಬೆಲೆಯ ಲೆಕ್ಕ ನನಗೆ ಒಗ್ಗುವುದಿಲ್ಲ. ಬೀಟಲ್ಸ್ ಸಿನಿಮಾದ ನೆನಪಿಗೆ ಕಾರ್ಗಿ ಕಂಪನಿ ತಂದ ಹಳದಿ ಜಲಾಂತರ್ಗಾಮಿಗೆ ಮುಚ್ಚಳದ ಬಣ್ಣ ನೋಡಿ ಬೆಲೆ ಕಟ್ಟುತ್ತಾರೆ; ಅದು ಗಾಲಿಗಳ ಮೇಲೆ ನೆಲದಲ್ಲಿ ಓಡುವಂಥದ್ದು. ನ್ಯೂರೆಂಬರ್ಗಿನ ಬಿಂಗ್ ಕಂಪನಿಯ ನೂರು ವರ್ಷ ದಾಟಿದ ತಗಡಿನವು ಬಣ್ಣ ಕೆಡದೆ ಡಬ್ಬದ ಸಮೇತ ಸಿಕ್ಕರೆ ಕೈಗೆಟುಕುವುದಿಲ್ಲ. ಅಷ್ಟು ಹೊಸದಾಗಿ ಉಳಿದದ್ದನ್ನು ಯಾವ ಮಗುವೂ ನೀರಿಗೆ ಬಿಟ್ಟಿರಲಾರದು. ನೀರಿಗೆ ಬಿಟ್ಟವುಗಳಲ್ಲಿ ಎಷ್ಟೋ ಕೆರೆಯ ಕೆಸರಲ್ಲೇ ಉಳಿದವು.

ನನ್ನ ನಾಟಿಲಸ್‌ಗೆ ಕೀಲಿ ಇಲ್ಲ, ರಬ್ಬರ್ ಬಿರಡೆಯೂ ಇಲ್ಲ. ಬೆನ್ನುದ್ದಕ್ಕೂ ತುಕ್ಕು. ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲುಗಿಸಿದರೆ ಒಳಗೆ ಚಿಟಿಕೆಯಷ್ಟು ಮರಳು ಸದ್ದು ಮಾಡುತ್ತದೆ. ಅದನ್ನು ತೆಗೆಸಿಲ್ಲ.