ಎಂಜಿನ್ ಸಿಗುತ್ತದೆ, ಬಾಗಿಲಿನ ಹಿಡಿ ಸಿಗುವುದಿಲ್ಲ

‘ಕಾರ್ಸ್’ ಸಿನಿಮಾ ನೋಡಿದವರಿಗೆ ಡಾಕ್ ಹಡ್ಸನ್ ನೆನಪಿರಬೇಕು. ಸಿಡುಕು ಸ್ವಭಾವದ, ಕಡುನೀಲಿ ಬಣ್ಣದ ಆ ಮುದುಕ ಕಾರು ಬರೀ ಕಲ್ಪನೆಯದ್ದಲ್ಲ. ಅದು 1951ರ ಹಡ್ಸನ್ ಹಾರ್ನೆಟ್. ಅದನ್ನು ತಯಾರಿಸುತ್ತಿದ್ದ ಡೆಟ್ರಾಯಿಟ್‌ನ ಹಡ್ಸನ್ ಕಂಪನಿ 1954ರಲ್ಲಿ ನ್ಯಾಶ್ ಕಂಪನಿಯ ಜೊತೆ ಸೇರಿ ಅಮೆರಿಕನ್ ಮೋಟರ್ಸ್ ಆಯಿತು. 1957ರ ಮಾದರಿಗಳೊಂದಿಗೆ ಹಡ್ಸನ್ ಎಂಬ ಹೆಸರೇ ಮಾರುಕಟ್ಟೆಯಿಂದ ಹೊರಟುಹೋಯಿತು. ಆದರೂ ಅಮೆರಿಕದಲ್ಲಿ ಇವತ್ತಿಗೂ ಹಡ್ಸನ್ ಕಾರುಗಳು ಓಡುತ್ತವೆ. ಕಂಪನಿಯೇ ಇಲ್ಲವಾಗಿ ಇಷ್ಟು ದಶಕಗಳಾದ ಮೇಲೆ ಅವುಗಳಿಗೆ ಬಿಡಿಭಾಗ ಎಲ್ಲಿಂದ ಬರುತ್ತದೆ?

ಇದು ದುಡ್ಡಿದ್ದವರ ಶೋಕಿ, ನಮಗೇಕೆ ಎನ್ನುವವರಿದ್ದಾರೆ. ಶೋಕಿ ಹೌದು, ಒಪ್ಪುತ್ತೇನೆ. ಆದರೆ ಮೆಕ್ಯಾನಿಕಲ್ ಬಿಇ ಓದುತ್ತಿರುವ ನನಗೆ ಆ ಶೋಕಿಯ ಹಿಂದೆ ಕಾಣುವುದು ಬೇರೆ. ಒಂದು ಯಂತ್ರ ಎಷ್ಟು ವರ್ಷ ಬದುಕುತ್ತದೆ ಎನ್ನುವುದನ್ನು ಅದರ ಉಕ್ಕು ತೀರ್ಮಾನಿಸುವುದಿಲ್ಲ. ಅದರ ಬಿಡಿಭಾಗದ ನಂಬರ್, ನಕ್ಷೆ ಮತ್ತು ಅವನ್ನು ಜೋಪಾನ ಮಾಡಿದ ಜನ ತೀರ್ಮಾನಿಸುತ್ತಾರೆ. ಹೊಸದನ್ನು ವಿನ್ಯಾಸ ಮಾಡಲು ನಾಲ್ಕು ವರ್ಷ ಕಲಿಯುವ ನಮಗೆ ಈ ಕೆಲಸವೂ ಎಂಜಿನಿಯರಿಂಗೇ ಎಂದು ಯಾರೂ ಹೇಳುವುದಿಲ್ಲ.

ಹಳೆ ಅಮೆರಿಕನ್ ಕಾರಿನ ವಿಚಿತ್ರವೆಂದರೆ, ದೊಡ್ಡ ಭಾಗ ಸುಲಭವಾಗಿ ಸಿಗುತ್ತದೆ, ಚಿಕ್ಕದು ಸಿಗುವುದಿಲ್ಲ. ಎಂಜಿನ್ನಿನ ಪಿಸ್ಟನ್, ಬೇರಿಂಗ್, ವಾಟರ್ ಪಂಪ್ ಸಿಕ್ಕಿಬಿಡುತ್ತವೆ. ಬಾಗಿಲಿನ ಹಿಡಿ, ಹಿಂದಿನ ದೀಪದ ಗಾಜು, ಬಾನೆಟ್ ಮೇಲಿನ ಕ್ರೋಮ್ ಪಟ್ಟಿಗಾಗಿ ವರ್ಷಗಟ್ಟಲೆ ಅಲೆಯಬೇಕು. ಇದಕ್ಕೆ ಕಾರಣ ಅಲ್ಲಿನ ವ್ಯಾಪಾರದ ಪದ್ಧತಿ. ಆಲ್ಫ್ರೆಡ್ ಸ್ಲೋನ್ ಮುಖ್ಯಸ್ಥರಾಗಿದ್ದ ಕಾಲದಲ್ಲಿ ಜನರಲ್ ಮೋಟರ್ಸ್ ಪ್ರತಿವರ್ಷ ಕಾರಿನ ರೂಪ ಬದಲಿಸುವ ರೂಢಿಯನ್ನು ಗಟ್ಟಿ ಮಾಡಿತು. ಹೋದ ವರ್ಷದ ಕಾರು ಹಳತಾಗಿ ಕಾಣಬೇಕು, ಗಿರಾಕಿ ಹೊಸದನ್ನು ಕೊಳ್ಳಬೇಕು ಎಂಬುದು ಲೆಕ್ಕ. ಮೊಬೈಲ್ ಕಂಪನಿಗಳು ಇಂದು ಮಾಡುತ್ತಿರುವುದೂ ಇದನ್ನೇ. ಆದರೆ ಮೈ ಬದಲಾದಷ್ಟು ಸಲ ಒಳಗಿನ ಎಂಜಿನ್ ಬದಲಾಗಲಿಲ್ಲ. ಅದರ ಅಚ್ಚು, ಯಂತ್ರಗಳಿಗೆ ಹಾಕಿದ ಬಂಡವಾಳ ಅಷ್ಟು ದೊಡ್ಡದು. ಷೆವರ್ಲೆ 1955ರಲ್ಲಿ ತಂದ 265 ಘನ ಇಂಚಿನ ವಿ8 ಎಂಜಿನ್ನಿನ ಮೂಲ ವಿನ್ಯಾಸ ಸಣ್ಣಪುಟ್ಟ ಬದಲಾವಣೆಗಳೊಂದಿಗೆ ದಶಕಗಳ ಕಾಲ ನಡೆಯಿತು. ಅದರ ಭಾಗಗಳಿಗೆ ಅಲ್ಲಿ ಬರವಿಲ್ಲ. ಅದೇ ಎಂಜಿನ್ ಹೊತ್ತ 1957ರ ಬೆಲ್ ಏರ್ ಕಾರಿನ ಪಕ್ಕದ ಅಲಂಕಾರದ ಪಟ್ಟಿ ಮಾತ್ರ ಆ ಒಂದೇ ವರ್ಷದ್ದು.

ಹುಡುಕಾಟದ ಮೊದಲ ಹೆಜ್ಜೆ ನಂಬರ್ ಓದುವುದು. ಫೋರ್ಡ್ ಕಂಪನಿಯ 1960ರ ದಶಕದ ಭಾಗವೊಂದರ ನಂಬರ್ ‘ಸಿ5ಝೆಡ್‌ಝೆಡ್’ ಎಂದು ಶುರುವಾಗುತ್ತದೆ ಎಂದುಕೊಳ್ಳಿ. ಸಿ ಅಂದರೆ 1960ರ ದಶಕ, 5 ಅಂದರೆ ಆ ದಶಕದ ಐದನೇ ವರ್ಷ, ಮೊದಲ ಝೆಡ್ ಮಸ್ಟಾಂಗ್ ಕಾರಿನ ಗುರುತು, ಎರಡನೆಯದು ಬಿಡಿಭಾಗ ಮಾರುವ ವಿಭಾಗದ್ದು. ನಂತರ ಬರುವ ಅಂಕಿ ಅದು ಯಾವ ಭಾಗ ಎಂದು ಹೇಳುತ್ತದೆ: 8501 ಬಂದರೆ ವಾಟರ್ ಪಂಪ್, 9510 ಬಂದರೆ ಕಾರ್ಬ್ಯುರೇಟರ್. ಕೊನೆಯ ಅಕ್ಷರ ಎಷ್ಟನೆಯ ರೂಪಾಂತರ ಎಂಬುದಕ್ಕೆ. ಇಷ್ಟು ಕಲಿತರೆ ಗುಜರಿಯ ರಾಶಿಯಲ್ಲೂ ಕಬ್ಬಿಣದ ತುಂಡೊಂದು ತನ್ನ ಜಾತಕ ಹೇಳುತ್ತದೆ.

ಆದರೆ ಜಾತಕ ಓದುವಾಗ ಎಚ್ಚರ ಬೇಕು. ಆ ವರ್ಷದ ಗುರುತು ಭಾಗವನ್ನು ವಿನ್ಯಾಸ ಮಾಡಿದ ಕಾಲದ್ದು, ಕಾರಿನದ್ದಲ್ಲ. 1967ರ ಕಾರಿನಲ್ಲಿ ಸಿ5 ಎಂದು ಬರೆದ ಭಾಗ ಇದ್ದರೆ ಅದನ್ನು ಆಮೇಲೆ ಯಾರೋ ಬದಲಿಸಿದ್ದಾರೆ ಎಂದು ಹೇಳಲಾಗದು. ಇನ್ನೊಂದು ತೊಡಕು: ಎರಕದ ಮೇಲೆ ಮೂಡಿರುವ ನಂಬರ್ ಬೇರೆ, ಅಂಗಡಿಯ ಕ್ಯಾಟಲಾಗ್‌ನಲ್ಲಿರುವ ನಂಬರ್ ಬೇರೆ. ಎರಕದ ನಂಬರನ್ನೇ ಕ್ಯಾಟಲಾಗ್‌ನಲ್ಲಿ ಹುಡುಕಿ, ಇಲ್ಲ ಎಂದು ಕೈಚೆಲ್ಲುವವರೇ ಹೆಚ್ಚು. ಎರಕ ಹೊಯ್ದ ದಿನವನ್ನು ಬೇರೆಯಾಗಿಯೇ ಬರೆದಿರುತ್ತಾರೆ. ‘5ಸಿ20’ ಎಂದರೆ 1965ರ ಮಾರ್ಚ್ 20. ತಿಂಗಳಿಗೊಂದು ಅಕ್ಷರ, ಅದರಲ್ಲಿ ‘ಐ’ ಮಾತ್ರ ಇಲ್ಲ, ಅಂಕಿ ಒಂದರಂತೆ ಕಾಣುತ್ತದಲ್ಲ! ಯಾವ ಭಾಗ ಯಾವ್ಯಾವ ಕಾರಿಗೆ ಹೊಂದುತ್ತದೆ ಎಂದು ಹೇಳುವ ಹಾಲಂಡರ್ ಕೈಪಿಡಿ ಅಲ್ಲಿನ ಗುಜರಿಯವರಿಗೆ ಪಂಚಾಂಗವಿದ್ದಂತೆ. ಮರ್ಕ್ಯುರಿ ಕಾರಿನ ಭಾಗ ಬೇಕೆಂದು ಮರ್ಕ್ಯುರಿಯನ್ನೇ ಹುಡುಕಬೇಕಿಲ್ಲ, ಪಕ್ಕದಲ್ಲೇ ಬಿದ್ದಿರುವ ಫೋರ್ಡ್‌ನದ್ದೇ ಆಗಬಹುದು ಎನ್ನುವುದು ಗೊತ್ತಾಗುವುದು ಇದರಿಂದ.

ನಂಬರ್ ಗೊತ್ತಾದ ಮೇಲೆ ಅಲೆದಾಟ. ಆಗಿನ ಕಾಲದಲ್ಲೇ ತಯಾರಾಗಿ, ಮಾರಾಟವಾಗದೆ ಡಬ್ಬದಲ್ಲೇ ಉಳಿದ ಭಾಗ ಸಿಕ್ಕರೆ ಅದೃಷ್ಟ. ಅದಕ್ಕೆ ‘ನ್ಯೂ ಓಲ್ಡ್ ಸ್ಟಾಕ್’ ಎನ್ನುತ್ತಾರೆ, ಬೆಲೆಯೂ ಹಾಗೆಯೇ ಇರುತ್ತದೆ. ಹಡ್ಸನ್‌ನ ಕತೆಯಲ್ಲಿ ಇದರದ್ದೊಂದು ಸೊಗಸಾದ ಅಧ್ಯಾಯವಿದೆ. ಮಿಷಿಗನ್ ರಾಜ್ಯದ ಇಪ್ಸಿಲಾಂಟಿ ಎಂಬ ಊರಿನ ಡೀಲರ್ ಅಂಗಡಿಯೊಂದು ಕಂಪನಿ ಮುಚ್ಚಿದ ಮೇಲೂ ಹಡ್ಸನ್ ಬಿಡಿಭಾಗಗಳನ್ನು ಮಾರುತ್ತಲೇ ಇತ್ತು. ಹಡ್ಸನ್‌ನ ಕೊನೆಯ ಡೀಲರ್ ಎಂದೇ ಅದಕ್ಕೆ ಹೆಸರು. ಈಗ ಆ ಕಟ್ಟಡ ಮ್ಯೂಸಿಯಂ. ನಮ್ಮ ಮೈಸೂರಿನ ಯೆಜ್ಡಿ ಬೈಕ್ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೂ ಆ ಬೈಕ್‌ಗಳು ಉಳಿದದ್ದು ಇಂಥದ್ದೇ ಮೆಕ್ಯಾನಿಕ್‌ಗಳು, ಅಂಗಡಿಯವರಿಂದ. ಹೀಗಾಗಿ ಈ ಕತೆ ನಮಗೆ ತೀರಾ ಪರಕೀಯವಲ್ಲ.

ಡಬ್ಬದಲ್ಲಿ ಸಿಗದಿದ್ದರೆ ಗುಜರಿ. ಇಲ್ಲಿ ಭೂಗೋಳವೂ ಗೊತ್ತಿರಬೇಕು. ಮಿಷಿಗನ್, ಒಹಾಯೊ ಕಡೆ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಅಲ್ಲಿನ ಕಾರುಗಳ ತಳ ತುಕ್ಕು ತಿಂದಿರುತ್ತದೆ. ಆದ್ದರಿಂದ ಲೋಹದ ಭಾಗಕ್ಕೆ ಅರಿಜೋನಾದಂಥ ಮರುಭೂಮಿ ರಾಜ್ಯಗಳ ಗುಜರಿಗೆ ಹೋಗುತ್ತಾರೆ. ಅಲ್ಲಿ ತುಕ್ಕಿಲ್ಲ, ಆದರೆ ಬಿಸಿಲಿಗೆ ರಬ್ಬರ್, ಸೀಟು, ಡ್ಯಾಶ್‌ಬೋರ್ಡ್ ಎಲ್ಲ ಸೀಳಿಹೋಗಿರುತ್ತವೆ. ಇನ್ನು ಸಂತೆ ಎಂದರೆ ಪೆನ್ಸಿಲ್ವೇನಿಯಾದ ಹರ್ಷಿ. ಚಾಕೊಲೇಟ್‌ಗೆ ಹೆಸರಾದ ಈ ಊರಿನಲ್ಲಿ 1955ರಿಂದ ಅಕ್ಟೋಬರ್ ತಿಂಗಳಲ್ಲಿ ಹಳೆ ಕಾರುಗಳ ಮೇಳ ನಡೆಯುತ್ತ ಬಂದಿದೆ. ಸಾಲು ಸಾಲಾಗಿ ಕುಳಿತ ವ್ಯಾಪಾರಿಗಳ ಮುಂದೆ ದೀಪ, ಕನ್ನಡಿ, ಗಿಯರ್‌ಗಳು ಟಾರ್ಪಾಲಿನ ಮೇಲೆ ಹರಡಿರುತ್ತವೆ. ತನಗೆ ಏನು ಬೇಕೆಂದು ಬರೆದ ಫಲಕವನ್ನು ಬೆನ್ನಿಗೆ ಕಟ್ಟಿಕೊಂಡು ಓಡಾಡುವವರೂ ಉಂಟು.

ಇಷ್ಟಾದರೂ ಕೆಲವು ಭಾಗ ಸಿಗುವುದೇ ಇಲ್ಲ, ಏಕೆಂದರೆ ಅವು ಎಲ್ಲೂ ಉಳಿದಿಲ್ಲ. 1930ರ ದಶಕದ ಕಾರುಗಳ ಹಿಡಿ, ಗ್ರಿಲ್, ಕಾರ್ಬ್ಯುರೇಟರ್‌ಗಳಲ್ಲಿ ಹಲವನ್ನು ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದಿದ್ದರು. ಆ ಸತುವಿನಲ್ಲಿ ಸೀಸ, ತವರದಂಥ ಕಲ್ಮಶ ಚೂರು ಹೆಚ್ಚಿದ್ದರೂ ಲೋಹದ ಕಣಗಳ ನಡುವೆ ಸವೆತ ಶುರುವಾಗುತ್ತದೆ. ಬಳಸದೆ ಡಬ್ಬದಲ್ಲಿಟ್ಟ ಭಾಗವೂ ಉಬ್ಬಿ, ಬಿರುಕು ಬಿಟ್ಟು, ಕೈಯಲ್ಲೇ ಬಿಸ್ಕತ್ತಿನಂತೆ ಮುರಿಯುತ್ತದೆ. ಮೆಟೀರಿಯಲ್ ಸೈನ್ಸ್ ಪತ್ರಿಕೆಯಲ್ಲಿ ‘ಇಂಟರ್‌ಗ್ರ್ಯಾನ್ಯುಲರ್ ಕರೋಷನ್’ ಬಗ್ಗೆ ಐದು ಅಂಕಕ್ಕೆ ಬರೆದ ನಮಗೆ ಅದು ಒಂದು ಕಾರಿನ ಬಾಗಿಲಿನ ಹಿಡಿಯನ್ನು ತಿಂದುಹಾಕುತ್ತದೆ ಎಂದು ಗೊತ್ತಿದ್ದಿದ್ದರೆ ಆ ಪಾಠ ಇನ್ನಷ್ಟು ರುಚಿಸುತ್ತಿತ್ತೇನೊ.

ಆಗ ಉಳಿಯುವ ದಾರಿ ಹೊಸದಾಗಿ ಮಾಡುವುದು. ಟೆನೆಸಿಯ ಕೋಕರ್ ಟೈರ್ ಕಂಪನಿ ಹಳೆ ಕಾರುಗಳ ಟೈರ್‌ಗಳನ್ನು ಹಳೆಯ ಮಾದರಿಯಲ್ಲೇ ಮಾಡಿ ಮಾರುತ್ತದೆ. ಮಸ್ಟಾಂಗ್‌ನದಂತೂ ರಾಜಯೋಗ. 1964ರ ಏಪ್ರಿಲ್‌ನಲ್ಲಿ ಬಿಡುಗಡೆಯಾದ ಅದು ಮೊದಲ ಒಂದು ವರ್ಷದಲ್ಲೇ 4 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಕೊಳ್ಳುವವರು ಅಷ್ಟಿದ್ದಾರೆ ಎಂದೇ ಅದರ ಇಡೀ ಬಾಡಿಯೇ ಹೊಸದಾಗಿ, ಫೋರ್ಡ್ ಪರವಾನಗಿಯೊಂದಿಗೆ ಸಿಗುತ್ತದೆ. ಕಡಿಮೆ ಮಾರಾಟವಾದ ಕಾರಿನ ಯಜಮಾನನಿಗೆ ಈ ಭಾಗ್ಯವಿಲ್ಲ. ಒಂದು ಅಚ್ಚಿನ ಖರ್ಚನ್ನು ಹತ್ತು ಸಾವಿರ ಜನ ಹಂಚಿಕೊಳ್ಳುವುದಕ್ಕೂ ಇಪ್ಪತ್ತು ಜನ ಹಂಚಿಕೊಳ್ಳುವುದಕ್ಕೂ ಇರುವ ವ್ಯತ್ಯಾಸ ಅದು. ಅಂಥ ಕಡೆ ಮಾಲೀಕರ ಸಂಘಗಳೇ ಮುಂಗಡ ಹಣ ಕೂಡಿಸಿ ಒಂದು ಬಾರಿಗೆ ಇಷ್ಟು ಎಂದು ಮಾಡಿಸುತ್ತವೆ.

ಈಗ ತ್ರೀಡಿ ಸ್ಕ್ಯಾನರ್ ಇದೆಯಲ್ಲ, ಇನ್ನೇನು ಕಷ್ಟ ಎಂದು ನಮ್ಮ ಕ್ಲಾಸಿನಲ್ಲೇ ಕೇಳುವವರಿದ್ದಾರೆ. ಟಿವಿ ನಿರೂಪಕ ಜೇ ಲೆನೊ ತಮ್ಮ ಗ್ಯಾರೇಜಿನಲ್ಲಿದ್ದ 1907ರ ವೈಟ್ ಸ್ಟೀಮ್ ಕಾರಿನ ಸವೆದ ಭಾಗವೊಂದನ್ನು ಸ್ಕ್ಯಾನ್ ಮಾಡಿ, ಪ್ಲಾಸ್ಟಿಕ್ ಮಾದರಿ ಮುದ್ರಿಸಿ, ಅದರಿಂದ ಲೋಹದ ಎರಕಕ್ಕೆ ದಾರಿ ಮಾಡಿಕೊಂಡದ್ದು ಸುದ್ದಿಯಾಗಿತ್ತು. ಒಳ್ಳೆಯದೇ. ಆದರೆ ಸ್ಕ್ಯಾನರ್ ನೋಡುವುದು ಭಾಗ ಈಗ ಹೇಗಿದೆ ಎಂಬುದನ್ನು, ಹೇಗಿರಬೇಕಿತ್ತು ಎಂಬುದನ್ನಲ್ಲ. ಸವೆತವೂ ನಕಲಾಗುತ್ತದೆ. ಹಳೆ ಭಾಗವನ್ನೇ ಮರಳಿನಲ್ಲಿ ಒತ್ತಿ ಎರಕ ಹೊಯ್ದರೆ ಇನ್ನೊಂದು ಫಜೀತಿ: ಎರಕದ ಕಬ್ಬಿಣ ತಣಿಯುವಾಗ ಸುಮಾರು ಶೇ 1ರಷ್ಟು ಕುಗ್ಗುವುದರಿಂದ ಮಗು ತಾಯಿಗಿಂತ ಚಿಕ್ಕದಾಗಿ ಹುಟ್ಟುತ್ತದೆ. ಬೋಲ್ಟ್‌ಗಳೂ ಅಷ್ಟೆ. ನಮ್ಮ ಎಂ12 ಬೋಲ್ಟ್ ಅರ್ಧ ಇಂಚಿನದ್ದರಂತೆ ಕಂಡರೂ 0.7 ಮಿ.ಮೀ. ಸಣ್ಣ. ಅರ್ಧ ಇಂಚಿನಲ್ಲೂ ಇಂಚಿಗೆ 13 ಎಳೆಯದ್ದು ಒಂದು, 20 ಎಳೆಯದ್ದು ಇನ್ನೊಂದು. ಆದ್ದರಿಂದ ಮೂಲ ನಕ್ಷೆಗೆ ಬೆಲೆ. ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ಮ್ಯೂಸಿಯಂನ ಸಂಗ್ರಹದಲ್ಲಿ ಮಾಡೆಲ್ ಟಿ ಕಾಲದ ಭಾಗಗಳ ನಕ್ಷೆಗಳಿವೆ. 1.5 ಕೋಟಿ ತಯಾರಾದ ಆ ಕಾರು 1927ರಲ್ಲಿ ನಿಂತರೂ ಅದರ ಭಾಗಗಳು ಇನ್ನೂ ಹೊಸದಾಗಿ ಸಿಗುತ್ತಿರುವುದು ಸುಮ್ಮನೆ ಅಲ್ಲ.

ನಕಲು ಭಾಗ ಹಾಕಿದ ಕಾರು ಅಸಲಿಯೇ ಎಂಬ ಜಗಳ ಈ ವಲಯದಲ್ಲಿ ಮುಗಿಯುವುದೇ ಇಲ್ಲ. ಹೊಸ ಫೆಂಡರ್ ಸರಿಯಾಗಿ ಕೂರುವುದಿಲ್ಲ, ತಗಡು ತೆಳು ಎಂಬ ದೂರುಗಳಲ್ಲಿ ಹುರುಳಿದೆ. ಆದರೂ ನನ್ನ ಪ್ರಕಾರ ನಕಲು ಭಾಗ ತಪ್ಪಲ್ಲ, ನಕಲು ನಂಬರ್ ತಪ್ಪು. ಕಾರಿನ ಜೊತೆಗೇ ಹುಟ್ಟಿದ ಎಂಜಿನ್ ಇದು ಎಂದು ತೋರಿಸಲು ಹಳೆ ಅಂಕಿ ಉಜ್ಜಿ ಹೊಸ ಅಂಕಿ ಕುಟ್ಟುವವರಿದ್ದಾರೆ, ಅದರಿಂದ ಬೆಲೆ ಏರುತ್ತದೆ. ಈ ಇಡೀ ಲೋಕ ನಿಂತಿರುವುದೇ ನಂಬರಿನ ಮೇಲಿನ ನಂಬಿಕೆಯಿಂದ. ಅದನ್ನೇ ಕೆಡಿಸಿದರೆ ಮುಂದೆ ಬರುವ ರಿಪೇರಿಯವನು ಯಾವುದನ್ನು ನೋಡಿ ಭಾಗ ತರಬೇಕು?

ಬಿಡಿಭಾಗದ ದಾರಿ ಮುಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ಕ್ಯೂಬಾ ಇದೆ. 1960ರ ದಶಕದ ಆರಂಭದಲ್ಲಿ ಅಮೆರಿಕದ ವ್ಯಾಪಾರ ನಿರ್ಬಂಧ ಬಂದ ಮೇಲೆ ಅಲ್ಲಿನ ಷೆವರ್ಲೆ, ಬ್ಯೂಕ್‌ಗಳಿಗೆ ಹೊಸ ಭಾಗ ಬರುವುದು ನಿಂತಿತು. ಹವಾನಾದ ಮೆಕ್ಯಾನಿಕ್‌ಗಳು ರಷ್ಯಾದ ಕಾರಿನ ಭಾಗ, ಡೀಸೆಲ್ ಎಂಜಿನ್, ಕೈಯಲ್ಲೇ ತಿದ್ದಿದ ತುಂಡುಗಳಿಂದ ಅವನ್ನು ಓಡಿಸುತ್ತಲೇ ಬಂದರು. ಅವರ ಜಾಣತನಕ್ಕೆ ಕೈಮುಗಿಯಬೇಕು. ಆದರೆ ಹೊರಗೆ 1950ರ ಷೆವರ್ಲೆ, ಒಳಗೆ ಬೇರೆಯದೇ ಯಂತ್ರ ಎನ್ನುವ ಕಾರುಗಳು ಅಲ್ಲಿ ಬೇಕಾದಷ್ಟಿವೆ.

ಉದ್ಯೋಗದ ಮಾತಿಗೆ ಬರೋಣ. ಕ್ಯಾನ್ಸಸ್‌ನ ಮ್ಯಾಕ್‌ಫರ್ಸನ್ ಕಾಲೇಜು ಹಳೆ ಕಾರುಗಳ ಪುನರುಜ್ಜೀವನವನ್ನೇ ನಾಲ್ಕು ವರ್ಷದ ಪದವಿಯಾಗಿ ಕಲಿಸುತ್ತದೆ. ಅಲ್ಲಿ ಎಂಜಿನ್ನಿನ ಜೊತೆ ತಗಡಿನ ಕೆಲಸ, ಸೀಟು ಹೊಲಿಯುವುದು, ವಾಹನಗಳ ಇತಿಹಾಸ ಎಲ್ಲವೂ ಪಾಠವೇ. ನಮ್ಮಲ್ಲಿ ಅಂಥ ಪದವಿಯೇ ಬೇಕೆಂದು ನಾನು ಹೇಳುವುದಿಲ್ಲ. ಅಷ್ಟು ಹಳೆ ಕಾರು ನಮ್ಮಲ್ಲಿಲ್ಲ. ಆದರೆ ಸವೆದ ಭಾಗವನ್ನು ಅಳೆದು, ಅದರ ಮೂಲ ಅಳತೆ ಊಹಿಸಿ, ಲೋಹ ಗುರುತಿಸಿ, ನಕ್ಷೆ ಬರೆದು ಮತ್ತೆ ಮಾಡುವ ಕೌಶಲ ಪೀಣ್ಯದ ಸಣ್ಣ ಕಾರ್ಖಾನೆಗೂ ಬೇಕು, ಸಕ್ಕರೆ ಕಾರ್ಖಾನೆಗೂ ಬೇಕು. ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಪ್ರಾಜೆಕ್ಟ್‌ಗಿಂತ ಇಂಥ ಒಂದು ಭಾಗ ಮಾಡಿ ತೋರಿಸಿದ ಹುಡುಗನಿಗೋ ಹುಡುಗಿಗೋ ಸಂದರ್ಶನದಲ್ಲಿ ಹೇಳಲು ಹೆಚ್ಚು ಮಾತಿರುತ್ತದೆ.

ನನಗೆ ನಿಜಕ್ಕೂ ಆತಂಕ ಇರುವುದು ಇಂದಿನ ಕಾರುಗಳ ಬಗ್ಗೆ. 1965ರ ಮಸ್ಟಾಂಗ್‌ಗೆ ಹೊಂದುವ ಪಂಪ್ ಹಾಕಿ ಬೋಲ್ಟ್ ಬಿಗಿದರೆ ಕೆಲಸ ಮುಗಿಯಿತು. ಇಂದಿನ ಹಲವು ಕಾರುಗಳಲ್ಲಿ ಭಾಗ ಬದಲಿಸಿದರೆ ಸಾಲದು, ಕಾರಿನ ಕಂಪ್ಯೂಟರ್ ಅದನ್ನು ಒಪ್ಪಿಕೊಳ್ಳಬೇಕು. ಒಪ್ಪಿಸುವ ಸಾಫ್ಟ್‌ವೇರ್ ಕಂಪನಿಯ ಕೈಯಲ್ಲಿ. ಕಂಪನಿಯೇ ಹಡ್ಸನ್‌ನಂತೆ ಇಲ್ಲವಾದರೆ? ಮ್ಯಾಸಚೂಸೆಟ್ಸ್ ರಾಜ್ಯದ ಜನ 2012ರಲ್ಲಿ ಮತ ಹಾಕಿ, ರಿಪೇರಿಯ ಮಾಹಿತಿಯನ್ನು ಹೊರಗಿನ ಗ್ಯಾರೇಜ್‌ಗಳಿಗೂ ಕೊಡಬೇಕೆಂಬ ಕಾನೂನು ತಂದರು. ನಮ್ಮ ಕೇಂದ್ರ ಸರ್ಕಾರವೂ 2022ರಲ್ಲಿ ‘ರಿಪೇರಿ ಹಕ್ಕು’ ಕುರಿತು ಸಮಿತಿ ಮಾಡಿ, ಅದೇ ಡಿಸೆಂಬರ್‌ನಲ್ಲಿ ಪೋರ್ಟಲ್ ತೆರೆಯಿತು. ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ಆದರೆ ಪೋರ್ಟಲ್ ಒಂದೇ ಸಾಲದು. ಬಿಡಿಭಾಗವೊಂದರ ತಯಾರಿಕೆ ನಿಲ್ಲಿಸುವ ದಿನವೇ ಕಂಪನಿ ಅದರ ನಕ್ಷೆಯನ್ನೂ ಅದನ್ನು ಕಾರಿಗೆ ಒಪ್ಪಿಸುವ ಸಾಫ್ಟ್‌ವೇರನ್ನೂ ಸಾರ್ವಜನಿಕ ಸಂಗ್ರಹವೊಂದಕ್ಕೆ ಒಪ್ಪಿಸಬೇಕು ಎಂಬ ನಿಯಮ ಬೇಕು. ಆ ಸಂಗ್ರಹವನ್ನು ಎಂಜಿನಿಯರಿಂಗ್ ಕಾಲೇಜುಗಳ ಲೈಬ್ರರಿಗಳಲ್ಲೇ ಇಡಬಹುದು. ಜಾಗ ಬೇಕಾದಷ್ಟಿದೆ, ಓದುವವರೂ ಸಿಗುತ್ತಾರೆ.