ಸೂತ್ರಕ್ಕಿಂತ ಮೊದಲು ಅಣು ಕೈಗೆ ಬರಲಿ

ಅಭ್ಯಾಸ ಬೋಧನೆಗೆಂದು ಮುಧೋಳದ ಪ್ರೌಢಶಾಲೆಯೊಂದರಲ್ಲಿ ಹತ್ತನೆಯ ತರಗತಿಗೆ ‘ಇಂಗಾಲ ಮತ್ತು ಅದರ ಸಂಯುಕ್ತಗಳು’ ಘಟಕ ತೆಗೆದುಕೊಂಡಿದ್ದೆ. ಕಪ್ಪುಹಲಗೆಯ ಮೇಲೆ ಬ್ಯೂಟೇನಿನ ಅಣುಸೂತ್ರ ಸಿ₄ಎಚ್₁₀ ಎಂದು ಬರೆದು, ಇದರ ರಚನಾ ಸಮಾಂಗಿಗಳನ್ನು ಬಿಡಿಸಿರಿ ಎಂದೆ. ಇರುವುದು ಎರಡೇ, ಮಕ್ಕಳು ನಾಲ್ಕು ಬಿಡಿಸಿದರು. ಇಂಗಾಲದ ಸರಪಳಿ ಮೂಲೆಯಲ್ಲಿ ಬಾಗಿದ್ದ ಚಿತ್ರಗಳಿಗೆಲ್ಲ ನಾನು ತಪ್ಪು ಗುರುತು ಹಾಕಿದೆ. ನಿಜವಾಗಿ ಚಿತ್ರ ತಪ್ಪಾಗಿರಲಿಲ್ಲ, ಅದನ್ನು ಬೇರೆ ಅಣುವೆಂದು ಎಣಿಸಿದ್ದು ತಪ್ಪು. ಆ ವ್ಯತ್ಯಾಸವನ್ನು ನಾನು ವಿವರಿಸಲಿಲ್ಲ.

ಮರುದಿನ ಎರೆಮಣ್ಣಿನ ಉಂಡೆ ಇಂಗಾಲವಾಯಿತು, ನೆನೆಸಿದ ಕಡಲೆ ಹೈಡ್ರೋಜನ್ ಆಯಿತು, ಕಸಬರಿಗೆ ಕಡ್ಡಿ ಬಂಧವಾಯಿತು. ಒಂದು ಉಂಡೆಗೆ ನಾಲ್ಕೇ ಕಡ್ಡಿ ಎಂಬುದೊಂದೇ ನಿಯಮ. ಬಾಗಿದ ಸರಪಳಿ ಮಾಡಿದ್ದ ಹುಡುಗಿಯೊಬ್ಬಳು ಅದನ್ನು ತಿರುವಿ ನೋಡಿ, “ಸರ್, ತಿರುವಿದ್ರ ಮೊದಲಿಂದೇ ಆಗ್ತದ, ಇದು ಬ್ಯಾರೆ ಅಲ್ಲ” ಎಂದಳು. ಕವಲೊಡೆದ ಬ್ಯೂಟೇನ್ ಮಾಡಲು ಮಾತ್ರ ಕಡ್ಡಿ ಕಿತ್ತು ಬೇರೆ ಉಂಡೆಗೆ ಚುಚ್ಚಬೇಕಾಯಿತು. ಸಮಾಂಗತೆಯ ವ್ಯಾಖ್ಯೆ ಅಲ್ಲೇ ಸಿಕ್ಕಿತು.

ನನ್ನ ಅಭಿಪ್ರಾಯ ಇಷ್ಟು: ಪ್ರತಿ ಸೂತ್ರವೂ ಒಂದನ್ನು ಹೇಳಿ ಇನ್ನೊಂದನ್ನು ಬಿಡುತ್ತದೆ. ಬಿಟ್ಟದ್ದು ಏನೆಂದು ನಾವು ಕಲಿಸುತ್ತಿಲ್ಲ. ಅಣುಸೂತ್ರ ಪರಮಾಣುಗಳ ಎಣಿಕೆ ಮಾತ್ರ ಕೊಡುತ್ತದೆ. ಸಿ₂ಎಚ್₆ಒ ಎಂದರೆ 78 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ಎಥನಾಲ್ ಆಗಬಹುದು, ಕೋಣೆಯ ಉಷ್ಣತೆಯಲ್ಲಿ ಅನಿಲವಾಗಿರುವ ಡೈಮೀಥೈಲ್ ಈಥರ್ ಕೂಡ ಆಗಬಹುದು. ರಚನಾ ಸೂತ್ರ ಯಾವುದಕ್ಕೆ ಯಾವುದು ಅಂಟಿದೆ ಎಂದು ತೋರಿಸುತ್ತದೆ, ಆಕಾರ ತೋರಿಸುವುದಿಲ್ಲ. ಮೀಥೇನನ್ನು ನಾವು 90 ಡಿಗ್ರಿಯ ಕೂಡುಗೆರೆಯಂತೆ ಬರೆಯುತ್ತೇವೆ. ನಿಜವಾದ ಬಂಧಕೋನ 109.5 ಡಿಗ್ರಿ. ಪಿಯುಸಿಯಲ್ಲಿ ಬರುವ ಅಂಕುಡೊಂಕು ಗೆರೆಯ ಸೂತ್ರದಲ್ಲಂತೂ ಇಂಗಾಲದ ಅಕ್ಷರವೇ ಇರುವುದಿಲ್ಲ.

ಮಾದರಿ ಮಕ್ಕಳಾಟಿಕೆಯಲ್ಲ. 1865ರಲ್ಲಿ ಹಾಫ್‌ಮನ್ ಲಂಡನ್ನಿನ ಉಪನ್ಯಾಸದಲ್ಲಿ ಕ್ರೋಕೆ ಆಟದ ಚೆಂಡುಗಳಿಂದಲೇ ಅಣುಗಳನ್ನು ಕಟ್ಟಿ ತೋರಿಸಿದ್ದರು. ಅವೂ ಚಪ್ಪಟೆಯಾಗಿದ್ದವು. ಇಂಗಾಲದ ನಾಲ್ಕು ಬಂಧಗಳು ಚತುರ್ಮುಖಿಯ ಮೂಲೆಗಳತ್ತ ಚಾಚಿವೆ ಎಂದು ವಾಂಟ್ ಹಾಫ್ ಮತ್ತು ಲೆ ಬೆಲ್ ಹೇಳಿದ್ದು 1874ರಲ್ಲಿ.

ಇದಕ್ಕೆಲ್ಲ ಅವಧಿ ಎಲ್ಲಿದೆ ಎಂದು ಮಾರ್ಗದರ್ಶಕರು ಕೇಳಬಹುದು. ನನಗೆ ಹಿಡಿದದ್ದು ಒಂದೇ ಅವಧಿ. ತಪ್ಪು ಗುರುತು ಹಾಕುತ್ತ ಕಳೆದ ಅವಧಿಯೂ ಒಂದೇ. ಆದ್ದರಿಂದ ಪಾಠಯೋಜನೆಯಲ್ಲಿ ಮೊದಲು ಮಾದರಿ, ಬಳಿಕ ಪೂರ್ಣ ರಚನಾ ಸೂತ್ರ, ಆಮೇಲೆ ಸಂಕ್ಷಿಪ್ತ ಸೂತ್ರ, ಕೊನೆಗೆ ಅಣುಸೂತ್ರ ಬರಲಿ. ಮೌಲ್ಯಮಾಪನದಲ್ಲಿ ಒಂದು ಪ್ರಶ್ನೆ ಖಾಯಂ ಇರಲಿ: ಈ ಸೂತ್ರ ಏನನ್ನು ಹೇಳುವುದಿಲ್ಲ?